ಬಾವಿಯ ಈಜುಗಾರ ಸಮುದ್ರಕ್ಕೆ ಇಳಿದದ್ದು

ಮನುಷ್ಯನಿಗೆ ಯಾವುದಾದರೂ ಒಂದು ವಿದ್ಯೆಯಲ್ಲಿ ಹೆಸರಿರುವುದು ಒಳ್ಳೆಯದೇ. ಆದರೆ ಆ ಹೆಸರನ್ನು ಊರ ಹೊರಗೆ ಒಯ್ಯಬಾರದು. ರೋಣದಲ್ಲಿ ನಮ್ಮ ಹಿಂದಿನ ಓಣಿಯವರೊಬ್ಬರಿಗೆ ಒಳ್ಳೆಯ ಹಾಡುಗಾರರೆಂದು ಹೆಸರಿತ್ತು. ಅವರು ಒಮ್ಮೆ ಗದಗಿಗೆ ಹೋಗಿ ಹಾಡಿ ಬಂದರು. ಬಂದ ಮೇಲೆ ಮತ್ತೆ ಹಾಡಲಿಲ್ಲ. ಏನಾಯಿತೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ನನಗಿದ್ದ ಹೆಸರು ಈಜಿನದು. ಅದನ್ನು ನಾನು ಗದಗನ್ನೂ ದಾಟಿಸಿ, ಹುಬ್ಬಳ್ಳಿಯನ್ನೂ ದಾಟಿಸಿ, ಘಟ್ಟ ಇಳಿಸಿ ಕಾರವಾರದ ಸಮುದ್ರದವರೆಗೆ ಒಯ್ದೆ. ಅಲ್ಲಿ ಆದದ್ದನ್ನು ಐದಾರು ವರ್ಷಗಳಿಂದ ಯಾರ ಮುಂದೆಯೂ ಇದ್ದದ್ದಿದ್ದಂತೆ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ.

ನಾನು ರೋಣದ ಕನ್ನಡ ಶಾಲೆಯಲ್ಲಿ ಮಾಸ್ತರ. ಈಜು ಕಲಿತದ್ದು ಊರ ಹೊರಗಿನ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಎರೆಭೂಮಿಯ ನಮ್ಮ ಊರುಗಳಲ್ಲಿ ಈಜುವ ನೀರೆಂದರೆ ಬಾವಿಯ ನೀರೇ. ನಮ್ಮ ಬಾವಿಯಲ್ಲಿ ಎಂಟು ಸಲ ಕೈ ಹೊಡೆದರೆ ಎದುರಿನ ಗೋಡೆ ಸಿಗುತ್ತಿತ್ತು. ಗೋಡೆಯ ಕಲ್ಲಿನ ಸಂದಿ ಹಿಡಿದು, ಉಸಿರು ತೆಗೆದುಕೊಂಡು, ತಿರುಗಿ ಮತ್ತೆ ಎಂಟು ಕೈ. ಹೀಗೆ ಮಧ್ಯಾಹ್ನದವರೆಗೂ ಈಜಬಹುದು, ದಣಿವು ಗೊತ್ತಾಗುವುದಿಲ್ಲ. ಮೇಲಾಗಿ ಬಾವಿಯಲ್ಲಿ ಹೆಸರು ಬರುವುದು ಈಜಿನಿಂದಲ್ಲ, ಜಿಗಿತದಿಂದ. ಗಾಲಿ ಕಟ್ಟುವ ತೊಲೆಯ ಮೇಲೆ ನಿಂತು, ಗಂಗವ್ವನಿಗೆ ಕೈಮುಗಿದು, ಮೊಣಕಾಲು ಮಡಚಿ ಬಿದ್ದೆನೆಂದರೆ ದಂಡೆಯ ಮೇಲೆ ಕೂತವರೆಲ್ಲ ತೋಯಬೇಕು. ನನ್ನ ಜಿಗಿತಕ್ಕೆ ತೋಯದವರು ರೋಣದಲ್ಲಿ ಕಡಿಮೆ.

ನನ್ನ ಮದುವೆ ಆದದ್ದೂ ಈ ಜಿಗಿತದಿಂದಲೇ. ನಮ್ಮ ಮಾವ ಬಸಪ್ಪನವರದು ಮಲಪ್ರಭೆಯ ದಂಡೆಯ ಕೊಣ್ಣೂರು. ಅವರ ಹೊಲ ಹೊಳೆಯ ಆಚೆಗಿದೆ. ಮಳೆಗಾಲದಲ್ಲಿ ಹೊಳೆ ಏರಿದಾಗ ಆಚೆ ಸಿಕ್ಕಿಕೊಂಡ ಎತ್ತುಗಳಿಗಾಗಿ ಅವರು ಎಷ್ಟೋ ಸಲ ಈಜಿ ಹೋಗಿದ್ದಾರೆ. ಅದಕ್ಕೆ ಅವರದೊಂದು ಹಟ: "ಈಸಾಕ ಬರಲಾರದಾಂವಗ ನನ್ನ ಮಗಳನ್ನ ಕೊಡಂಗಿಲ್ಲ." ಸಂಬಂಧ ತಂದಿದ್ದ ಗಜೇಂದ್ರಗಡದ ಹಿರಿಯರು ಮಾವನನ್ನು ನೇರವಾಗಿ ನಮ್ಮ ಬಾವಿಗೇ ಕರೆತಂದರು. ನಾನು ತೊಲೆಯ ಮೇಲಿಂದ ಜಿಗಿದೆ. ಮಾವನ ತಲೆಯ ರುಮಾಲು ಪೂರ್ತಿ ತೋಯಿತು. ಅವರು ರುಮಾಲು ಬಿಚ್ಚಿ ಹಿಂಡುತ್ತ, "ಹುಡುಗ ಗಟ್ಟಿ ಅದಾನ," ಅಂದರು. ನಾನು ಎಷ್ಟು ದೂರ ಈಜಬಲ್ಲೆನೆಂದು ಯಾರೂ ಕೇಳಲಿಲ್ಲ. ಬಾವಿಯಲ್ಲಿ ದೂರವೆಂಬುದೇ ಇಲ್ಲವಲ್ಲ.

ಹೆಂಡತಿ ಶಾಂತವ್ವ ನಮ್ಮ ಮನೆಗೆ ಬಂದ ಮೇಲೆ ತಿಳಿಯಿತು, ಮಾವನ ಮನೆಯಲ್ಲಿ ನಿಜವಾದ ಈಜುಗಾರ್ತಿ ಅವಳು. ಹನ್ನೆರಡು ವರ್ಷದವರೆಗೆ ಅವಳು ಹೊಳೆಯಲ್ಲೇ ಬೆಳೆದವಳು. ಆಮೇಲೆ ಅಪ್ಪ, "ದೊಡ್ಡಾಕಿ ಆದಿ, ಇನ್ನ ಹೊಳಿಗಿ ಇಳಿಯೂದು ಸಾಕು," ಅಂದುಬಿಟ್ಟರು. ಅಂದಿನಿಂದ ಅವಳು ಹೊಳೆಯಿಂದ ಕೊಡ ತುಂಬಿ ತರುವುದು ಬಿಟ್ಟರೆ ನೀರಿಗೆ ಇಳಿದವಳಲ್ಲ. ತವರಿಗೆ ಹೋದಾಗ ದಂಡೆಯ ಮೇಲೆ ಸುಮ್ಮನೆ ಕೂತು ಹೊಳೆಯನ್ನು ನೋಡುತ್ತಿರುತ್ತಾಳೆ. ಏನು ನೋಡುತ್ತೀಯೆಂದು ಕೇಳಿದರೆ, "ಏನಿಲ್ಲ, ನೀರು," ಅನ್ನುತ್ತಾಳೆ.

ಒಂದು ದೀಪಾವಳಿ ರಜೆಯಲ್ಲಿ ಮಾವ ರೋಣಕ್ಕೆ ಬಂದವರು, "ಮಾಸ್ತರ, ನಮ್ಮ ಹೊಳಿ ಹರದು ಹೋಗಿ ಎಲ್ಲಿ ಕೂಡತೈತಿ, ಅದನ್ನೊಮ್ಮೆ ನೋಡಬೇಕಾಗೇತ್ರಿ. ಕಾರವಾರಕ್ಕ ಹೋಗೂಣು," ಅಂದರು. ನಾನು ಗೋಡೆಯ ನಕಾಶೆ ತೋರಿಸಿ, ಮಲಪ್ರಭೆ ಕೃಷ್ಣೆಯನ್ನು ಕೂಡಿಕೊಂಡು ಮೂಡಣ ಸಮುದ್ರಕ್ಕೆ ಹೋಗುತ್ತದೆ, ಕಾರವಾರ ಇರುವುದು ಪಡುವಣಕ್ಕೆ ಎಂದು ತಿಳಿಸಿ ಹೇಳಿದೆ. ಅವರು ನಕಾಶೆಯನ್ನು ಸಾವಧಾನವಾಗಿ ನೋಡಿ, "ಆ ಸಮುದ್ರಕ್ಕ ರೊಕ್ಕ ಭಾಳ ಹತ್ತತೈತಿ. ಇದ ನಡೀತೈತಿ ಬಿಡ್ರಿ, ಎಲ್ಲಾ ನೀರು ಕೆಳಗ ಕೂಡೇ ಇರತಾವು," ಅಂದರು. ಶಾಂತವ್ವ ಆ ಸಂಜೆಯೇ ರೊಟ್ಟಿ ಬಡಿಯಲು ಕೂತಳು. ಪ್ರವಾಸಕ್ಕೆ ಇನ್ನೂ ನಾಲ್ಕು ದಿನವಿತ್ತು.

ಕಾರವಾರದಲ್ಲಿ ನಾವು ಇಳಿದುಕೊಂಡ ಖಾನಾವಳಿಯವರು ಒಬ್ಬ ದೋಣಿಯವನನ್ನು ಗೊತ್ತು ಮಾಡಿಕೊಟ್ಟರು. ಪಾಂಡು ಎಂದು ಅವನ ಹೆಸರು. ಬೆಳಿಗ್ಗೆ ಹಾಯಿ ಬಿಚ್ಚಿದರೆ ಮೂರು ನಡುಗಡ್ಡೆ ತೋರಿಸಿ ಸಂಜೆಯ ಹೊತ್ತಿಗೆ ಮರಳಿ ಬಿಡುತ್ತೇನೆಂದ. ನಾವು ಬುತ್ತಿ ಗಂಟು ಹಿಡಿದು ಹತ್ತಿದೆವು. ಪಾಂಡು ಕುಡಿಯುವ ನೀರಿನ ಬಿಂದಿಗೆ ಇಟ್ಟುಕೊಳ್ಳಲು ಹೇಳಿದಾಗ ಮಾವ ನಕ್ಕುಬಿಟ್ಟರು. "ನೀರಾಗ ಹೊಂಟು ನೀರ ಹೊತಗೊಂಡ ಹೋಗೂದ ಹ್ಯಾಂಗಪಾ?" ಸಮುದ್ರದ ನೀರು ಉಪ್ಪೆಂದು ನಾನು ಹೇಳಿದೆ. "ನಿಮ್ಮ ರೋಣದ ಬಾವಿ ನೀರ ಕುಡದಾಂವ ನಾನು," ಎಂದು ಅವರು ದೋಣಿಯ ಬದಿಗೆ ಬಾಗಿ ಒಂದು ಬೊಗಸೆ ಕುಡಿದರು. ಆಮೇಲೆ ತಾವೇ ಇಳಿದು ಹೋಗಿ ಖಾನಾವಳಿಯಿಂದ ಬಿಂದಿಗೆ ತಂದರು.

ಮೊದಲನೆಯ ನಡುಗಡ್ಡೆಯಲ್ಲಿ ದೀಪದ ಗೋಪುರವಿತ್ತು. ಅದನ್ನು ಹತ್ತಲು ಬಿಡಲಿಲ್ಲ. ಸುತ್ತ ತಿರುಗಿ ಬಂದೆವು. ಎರಡನೆಯದರಲ್ಲಿ ಮರದ ನೆರಳಿತ್ತು. ಅಲ್ಲಿ ಬುತ್ತಿ ಬಿಚ್ಚಿದೆವು. ನಾಲ್ಕು ದಿನ ಮೊದಲೇ ಬಡಿದ ಕಟಕ ರೊಟ್ಟಿ ಸಮುದ್ರದ ಗಾಳಿಗೆ ಮೆತ್ತಗಾಗಿ, ಮಡಿಸಿದರೆ ಮಡಚಿಕೊಳ್ಳುತ್ತಿತ್ತು. ಮಾವನಿಗೆ ಇದು ಸರಿಬರಲಿಲ್ಲ. ಮುರಿದರೆ ಸಪ್ಪಳ ಬಾರದ ರೊಟ್ಟಿಯನ್ನು ಅವರು ಜನ್ಮದಲ್ಲಿ ಉಂಡಿರಲಿಲ್ಲ. ಆದರೂ ಮೊದಲ ತುತ್ತನ್ನು ಶೇಂಗಾ ಚಟ್ನಿಯ ಸಮೇತ ಸಮುದ್ರಕ್ಕೆ ಎಸೆದು, "ಗಂಗವ್ವ, ನಮ್ಮನ್ನ ನೆಟ್ಟಗ ದಂಡಿಗಿ ಮುಟ್ಟಸು," ಅಂದರು. ಅಲೆ ಆ ತುತ್ತನ್ನು ತಂದು ಅವರ ಕಾಲ ಹತ್ತಿರವೇ ಇಟ್ಟಿತು. ಹೊಳೆಯಾಗಿದ್ದರೆ ಒಯ್ಯುತ್ತಿತ್ತು ಎಂದು ಅವರು ಬೇಸರಪಟ್ಟರು.

ಮೂರನೆಯದಕ್ಕೆ ಬಂದಾಗ ನನ್ನ ಕಥೆ ಶುರುವಾಗುತ್ತದೆ. ಅದು ಬರೀ ಬಂಡೆ ಮತ್ತು ಒಂದು ಚೂರು ಮರಳಿನ ನಡುಗಡ್ಡೆ. ಬಂಡೆಗಳಿಗೆ ಹೆದರಿ ಪಾಂಡು ದೋಣಿಯನ್ನು ಇಪ್ಪತ್ತು ಮಾರು ದೂರದಲ್ಲೇ ಲಂಗರು ಹಾಕಿ ನಿಲ್ಲಿಸಿದ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಮರಳು ಕಾಣುತ್ತಿತ್ತು. ಪಾಂಡು ಒಂದು ಚೀಲದಿಂದ ವಿಚಿತ್ರವಾದ ಸಾಮಾನು ತೆಗೆದ. ಕಣ್ಣು ಮೂಗು ಮುಚ್ಚುವಂಥ ರಬ್ಬರಿನ ಅಂಚಿನ ಗಾಜು. ಬಾಯಲ್ಲಿ ಕಚ್ಚಿಕೊಳ್ಳಲು ಒಂದು ಡೊಂಕು ಕೊಳವೆ. ಯಾವುದೋ ಹಡಗಿನ ಪರದೇಶದವನು ಕೊಟ್ಟು ಹೋದದ್ದಂತೆ. ಅದನ್ನು ಹಾಕಿಕೊಂಡು ಮುಖ ಕೆಳಗೆ ಮಾಡಿ ಬಂಡೆಗಳ ಹತ್ತಿರ ತೇಲಿದರೆ ಉಸಿರೂ ಆಡುತ್ತದೆ, ಬಣ್ಣಬಣ್ಣದ ಮೀನುಗಳೂ ಕಾಣುತ್ತವೆ ಎಂದ. ಮಾವ ಆ ಕೊಳವೆಯನ್ನು ಬಾಯಿಗಿಟ್ಟು ಎರಡು ಸಲ ಗುಡಗುಡಿಯಂತೆ ಎಳೆದು ನೋಡಿ, ಹೊಗೆ ಬಾರದ್ದರಿಂದ ತಿರುಗಿ ಕೊಟ್ಟರು.

ಶಾಂತವ್ವ ಆ ಗಾಜನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಅಪ್ಪಾ, ನಾ ಇಳೀಲೇನು?" ಅಂದಳು.

ಹದಿನೈದು ವರ್ಷದ ನಂತರ ಅವಳು ಕೇಳುತ್ತಿದ್ದಳು. ಬೇಡ ಎಂದರೆ ಮತ್ತೆ ಜನ್ಮದಲ್ಲಿ ಕೇಳುವವಳಲ್ಲ. ನನಗೆ ಅದು ಅವಳ ಮುಖದಲ್ಲೇ ಕಂಡಿತು. ಮಾವ ಸುತ್ತ ಕಣ್ಣಾಡಿಸಿದರು. ನಮ್ಮ ನಾಲ್ವರನ್ನು ಬಿಟ್ಟರೆ ನೋಡುವವರು ಯಾರೂ ಇರಲಿಲ್ಲ.

"ಈಗ ನಾ ಹೇಳೂದಲ್ಲವ್ವಾ, ನಿನ್ನ ಗಂಡ ಅದಾನ. ಮೊದಲ ಅಳಿಯಂದಿರು ಹೋಗಿ ಆ ದಂಡಿ ಮುಟ್ಟಿ ಬರಲಿ. ಅವರು ಸಂಗಾಟ ಇದ್ರ ನೀ ಇಳಿ. ಅವರಿಗೆ ಆಗಲಿಲ್ಲಂದ್ರ ಬ್ಯಾಡ."

ಶಾಂತವ್ವ ನನ್ನ ಕಡೆ ತಿರುಗಿದಳು. ಇಪ್ಪತ್ತು ಮಾರು. ಒಂದು ಕೈಗೆ ಅರ್ಧ ಮಾರು ಸಾಗಿದರೂ ನಲವತ್ತು ಕೈಯ ಲೆಕ್ಕ. ನಾನು ಗಣಿತ ಕಲಿಸುವ ಮಾಸ್ತರ. ಐದು ಬಾವಿ ಒಂದರ ಮುಂದೊಂದು ಇಟ್ಟರೆ ಇಷ್ಟೇ ಆಗುತ್ತದೆ ಎಂದುಕೊಂಡೆ. ಗಾಜು ಕಟ್ಟಿಕೊಂಡು, ಕೊಳವೆ ಕಚ್ಚಿ, ದೋಣಿಯ ಅಂಚಿನ ಮೇಲೆ ನಿಂತು, ಕೈಮುಗಿದು ನಮ್ಮ ಬಾವಿಯ ರೀತಿಯಲ್ಲೇ ಜಿಗಿದೆ. ಜಿಗಿತ ಚೆನ್ನಾಗಿಯೇ ಆಯಿತು. ಮಾವನ ರುಮಾಲು ಎರಡನೆಯ ಸಲ ತೋಯಿತು. ನಾನು ಮೇಲೆ ಬಂದಾಗ ಗಾಜು ಕೊರಳಿನಲ್ಲಿತ್ತು, ಬಾಯಿಂದ ಹಾರಿದ ಕೊಳವೆ ಪಾಂಡುವಿನ ಕೈಯಲ್ಲಿತ್ತು. ಗಾಜನ್ನೂ ಬಿಚ್ಚಿ ಅವನಿಗೆ ಕೊಟ್ಟು ನಡುಗಡ್ಡೆಯ ಕಡೆ ಹೊರಟೆ.

ಎಂಟು ಕೈ ಹೊಡೆದೆ. ನನ್ನ ಬಲಗೈ ತಾನಾಗಿಯೇ ಮುಂದೆ ಚಾಚಿ ಕಲ್ಲಿನ ಸಂದಿಯನ್ನು ಹುಡುಕಿತು. ಸಂದಿ ಇರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ತಲೆ ಯೋಚಿಸುವ ಮೊದಲೇ ಮೈ ಎಡಕ್ಕೆ ತಿರುಗಿತ್ತು. ಇನ್ನೆಂಟು ಕೈಗೆ ದೋಣಿಯ ಅಂಚು ಹಿಡಿದು ನಿಂತಿದ್ದೆ. "ಯಾಕ್ರಿ?" ಅಂದರು ಮಾವ. "ನೀರು ಹೆಂಗೈತಿ ನೋಡಿ ಬಂದೆ," ಅಂದೆ. ಎರಡನೆಯ ಸಲ ಹೊರಟೆ. ಈ ಸಲ ತಿರುಗಬಾರದೆಂದು ನಿಶ್ಚಯಿಸಿದ್ದೆ. ಎಂಟಾಯಿತು, ಒಂಬತ್ತಾಯಿತು. ಒಂಬತ್ತನೆಯ ಕೈ ನಾನು ಆವರೆಗೆ ಎಂದೂ ಹೊಡೆದದ್ದಲ್ಲ. ಹತ್ತಕ್ಕೆ ಎದೆ ಹೊಡೆದುಕೊಳ್ಳತೊಡಗಿ ಮತ್ತೆ ದೋಣಿಗೆ ಬಂದೆ. "ಮಾಸ್ತರೇ, ನಡುಗಡ್ಡೆ ಆ ಬದಿಗೆ," ಎಂದು ಪಾಂಡು ವಿನಯದಿಂದ ಕೈ ತೋರಿಸಿದ. ಶಾಂತವ್ವ ಸೀರೆಯ ಸೆರಗನ್ನು ಆಗಲೇ ಸೊಂಟಕ್ಕೆ ಬಿಗಿದುಕೊಂಡಿದ್ದಳು. ಎರಡನೆಯ ಸಲ ನಾನು ತಿರುಗಿ ಬಂದಾಗ ಅದನ್ನು ಸಡಿಲಿಸುತ್ತಿದ್ದಳು. ಅದನ್ನು ಕಂಡು ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಆ ಸಿಟ್ಟಿನಲ್ಲಿ ಮೂರನೆಯ ಸಲ ಹೊರಟು ಹನ್ನೆರಡು ಕೈ ಹೊಡೆದೆ. ಅಲ್ಲಿಗೆ ಸಿಟ್ಟು ಮುಗಿಯಿತು. ತಿರುಗಿದೆ. ಅಷ್ಟರಲ್ಲಿ ದೋಣಿ ಗಾಳಿಗೆ ಲಂಗರಿನ ಸುತ್ತ ಆಚೆ ಸರಿದಿತ್ತು. ಅಂಚು ಇರಬೇಕಾದಲ್ಲಿ ಅಂಚಿಲ್ಲ. ಬಾವಿಯ ಗೋಡೆ ಎಂದೂ ಹೀಗೆ ಮಾಡಿದ್ದಿಲ್ಲ. ಮತ್ತೆ ತಿರುಗಿದೆ. ಎಂಟಕ್ಕೊಂದು ಸಲ ತಿರುಗುತ್ತ ನಾನು ನಡುನೀರಿನಲ್ಲಿ ನನ್ನದೇ ಒಂದು ಬಾವಿಯ ಸುತ್ತಳತೆ ಹಾಕುತ್ತಿದ್ದೆ. ಬಾಯೊಳಗೆ ಉಪ್ಪುನೀರು ಹೋಯಿತು. ಹೆದರಿಕೆಯಾಯಿತು, ಸುಳ್ಳೇಕೆ. ಕೂಗಲು ನಾಚಿಕೆ ಬಿಡಲಿಲ್ಲ.

ಆಗ ಹಿಂದೆ ಸದ್ದೇ ಇಲ್ಲದೆ ಏನೋ ನೀರಿಗೆ ಇಳಿಯಿತು. ಒಂದು ಹನಿಯೂ ಯಾರಿಗೂ ಸಿಡಿಯಲಿಲ್ಲ. ಮರುಕ್ಷಣ ಶಾಂತವ್ವ ನನ್ನ ಪಕ್ಕದಲ್ಲಿದ್ದಳು. "ಕೈ ಹಿಡೀಬ್ಯಾಡ್ರಿ. ಹೆಗಲ ಮ್ಯಾಲ ಇಡ್ರಿ. ಸುಮ್ನ ಬರ್ರಿ," ಅಂದಳು, ಸಂತೆಯಲ್ಲಿ ದಾರಿ ಬಿಡಿಸಿಕೊಂಡು ಹೋಗುವಾಗ ಅನ್ನುವಂತೆ. ಅವಳು ಎಲ್ಲಿಯೂ ತಿರುಗಲಿಲ್ಲ. ನೆಟ್ಟಗೆ ಹೋಗಿ ಮರಳು ಮುಟ್ಟಿಸಿದಳು. ನಾನು ಬಂಡೆಗೆ ಒರಗಿ ಕೆಮ್ಮುತ್ತ ಕೂತೆ. ಅವಳು ಮತ್ತೆ ದೋಣಿಗೆ ಹೋಗಿ ಗಾಜು, ಕೊಳವೆ ತಂದು, ಬಂಡೆಗಳ ಬುಡದಲ್ಲಿ ಮುಖ ಕೆಳಗೆ ಮಾಡಿ ತೇಲತೊಡಗಿದಳು. ಒಂದು ತಾಸಾದರೂ ಇದ್ದಿರಬೇಕು. ನಡುನಡುವೆ ತಲೆಯೆತ್ತಿ, "ಇಲ್ಲಿ ಅರಿಷಿಣ ಬಣ್ಣದ್ದು ಬಂದಾವ್ರಿ," "ಇದು ನೋಡ್ರಿ, ಬರೇ ಮುಳ್ಳು," ಎಂದು ನನಗೆ ವರದಿ ಕೊಡುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನಗೆ ನಾಚಿಕೆಯೂ ಇತ್ತು, ಸಂತೋಷವೂ ಇತ್ತು, ಸಂತೋಷವೇ ಹೆಚ್ಚಿತ್ತು.

ಮತ್ತೆ ಅವಳ ಹೆಗಲ ಮೇಲೆ ಕೈಯಿಟ್ಟೇ ದೋಣಿಗೆ ಮರಳಿದಾಗ ಮಾವ ನನ್ನನ್ನೇ ನೋಡುತ್ತ ಕೂತಿದ್ದರು. ನನ್ನ ಹೆಸರು ಇವತ್ತಿಗೆ ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಶಾಂತವ್ವ ಕೂದಲು ಹಿಂಡಿಕೊಳ್ಳುತ್ತ ನನ್ನ ಕಡೆ ತಿರುಗಿ, "ನಾ ಇಳೀಲಿ ಅಂತ ಹಂಗ ನಾಟಕ ಮಾಡಿದ್ರೇನು? ಭಾಳ ಶ್ಯಾಣೇರ ಅದೀರಿ," ಅಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಟವೆಲಿನಿಂದ ಕಿವಿ ಒರೆಸಿಕೊಂಡೆ. ಮಾವನ ಮುಖ ಅರಳಿತು. "ಹಂಗೇನು. ನಾನೂ ಅದ ಅಂದೆ, ಇಷ್ಟ ಚಲೋ ಈಸಾಂವ ಹಿಂಗ್ಯಾಕ ತಿರಗತಾನಂತ."

ಅಂದಿನಿಂದ ಕೊಣ್ಣೂರಿನ ಕಟ್ಟೆಯ ಮೇಲೆ ಈ ಕಥೆ ಸಾಗಿದೆ. ಹೆಂಡತಿಯ ಆಸೆ ತೀರಿಸಲು ಸಮುದ್ರದ ನಡುವೆ ಮುಳುಗಿದಂತೆ ನಟಿಸಿದ ಅಳಿಯ. ನರಗುಂದದ ಸಂತೆಯಲ್ಲೂ ಒಬ್ಬರು ನನ್ನನ್ನು ಗುರುತು ಹಿಡಿದು ಕೈ ಕುಲುಕಿದ್ದಾರೆ. ಮನೆಯಲ್ಲಿ ನನ್ನದೇ ತಪ್ಪಿರುವ ಜಗಳಗಳಲ್ಲೂ ಶಾಂತವ್ವ ಬೇಗ ಸೋಲುತ್ತಾಳೆ. ಆ ದಿನದ ಋಣ ಎಂದುಕೊಂಡಿದ್ದೆ. ಇಷ್ಟು ವರ್ಷ ಅವಳಿಗೆ ಮೋಸ ಮಾಡಿದೆನಲ್ಲ ಎಂಬ ಕೊರಗಿನಿಂದಲೇ ಇದನ್ನು ಬರೆದು, ಮೊದಲು ಅವಳ ಕೈಗೇ ಕೊಟ್ಟೆ. ಅವಳು ಅಕ್ಕಿ ಆರಿಸುವ ಮೊರವನ್ನು ಬದಿಗಿಟ್ಟು ಪೂರ್ತಿ ಓದಿದಳು.

"ಎಲ್ಲಾ ಖರೇ ಬರದೀರಿ. ಒಂದ ತಪ್ಪೈತಿ. ನನಗೇನು ಮೋಸ ಮಾಡೀರಿ? ನಾ ಹಂಗ ಅಂದದ್ದು ಅಪ್ಪಗ ಕೇಳಸಲಿ ಅಂತ."

"ಹೋಗಲಿ, ಮಾವಾರಾದರೂ ನಂಬಿದರಲ್ಲ," ಅಂದೆ.

"ಅಪ್ಪ ನಂಬತಾನೇನ್ರಿ? ಅಂವಗೂ ಒಂದು ನೆವ ಬೇಕಾಗಿತ್ತು. ಹುಟ್ಟಿದಾಗಿಂದ ಹೊಳಿ ದಂಡ್ಯಾಗ ಇದ್ದಾಂವ. ನೀವು ಮೂರನೇ ಸಲ ತಿರಗೂದ್ರಾಗ 'ಲಗೂ ಇಳಿಯವ್ವಾ, ಅಂವಾ ಮುಳಗತಾನ' ಅಂದಾಂವ ಅವನ," ಎಂದು ಅವಳು ಮತ್ತೆ ಮೊರವನ್ನು ಎಳೆದುಕೊಂಡಳು.

ಹಾಗಾದರೆ ಆ ಕಥೆಯನ್ನು ಮನೆಯವರು ನಂಬಿದ್ದಾರೆಂದು ಇಷ್ಟು ದಿನ ನಂಬಿಕೊಂಡು ಓಡಾಡಿದವನು ನಾನೊಬ್ಬನೇ ಎಂದಾಯಿತು. ಬರುವ ಸೋಮವಾರ ಕೊಣ್ಣೂರಿನಲ್ಲಿ ತೊಟ್ಟಿಲ ಕಾರ್ಯವಿದೆ. ಹೊಸ ಬೀಗರ ಮುಂದೆ ಮಾವ ಅದನ್ನು ಮತ್ತೆ ಹೇಳುತ್ತಾರೆ, ಶಾಂತವ್ವ ಹೌದೆಂದು ತಲೆಯಾಡಿಸುತ್ತಾಳೆ. ನಾನು ಅವರಿಬ್ಬರ ನಡುವೆ ಕೂತು ಸಂಕೋಚದಿಂದ ನಗಬೇಕು. ಅದೊಂದು ಈಗ ನನಗೆ ಚೆನ್ನಾಗಿ ಬರುತ್ತದೆ.