ಬಿರಡೆಯ ಹೊಸ ಬೂಟು

ಎಲ್ಲಾ ಶುರುವಾದದ್ದು ಆ ಹೊಸ ಬೂಟಿನಿಂದ. "ಕೆಲಸ ಕಾಯಂ ಆಗೋ ದಿನ, ಹಳೇ ಚಪ್ಪಲೀಲಿ ಹೋಗ್ಬೇಡಿ" ಎಂದು ಹೆಂಡತಿ ತಾನೇ ಆರಿಸಿ ತಂದಿದ್ದಳು. ನಮ್ಮ ಎಂಜಿನಿಯರನ ಕಸುಬು ಬರಿದಾದ ಅನಿಲ ಬಾವಿಗಳಿಗೆ ಸಿಮೆಂಟು ತುಂಬಿ ಬಾಯಿ ಮುಚ್ಚುವುದು. ಹಾಗಾಗಿ ಬೀದಿಯವರು ಅವನಿಗಿಟ್ಟ ಹೆಸರು ಬಿರಡೆ.

ಅವನ ಬೀದಿಯಲ್ಲೇ ಅಂಥದೊಂದು ಹಳೆಯ ಬಾವಿ ಹೂತುಹೋಗಿತ್ತು. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ನಕ್ಷೆಯಲ್ಲಿ ಸರಿಯಾಗಿ ಆ ಬೀದಿಯನ್ನೇ ಗೆದ್ದಲು ತಿಂದಿತ್ತು. "ಸಂಜೆ ಆರರೊಳಗೆ ಹುಡುಕಿದ್ರೆ ಕೆಲಸ ಕಾಯಂ. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ" ಎಂದಿದ್ದರು ಸಾಹೇಬರು.

ಬಾವಿಯ ಬಾಯಲ್ಲಿ ಕಬ್ಬಿಣದ ಕೊಳವೆ ಇದ್ದೇ ಇರುತ್ತದೆ. ಕಬ್ಬಿಣ ಕಂಡರೆ ಕೂಗುವ ಯಂತ್ರ ಹಿಡಿದು ಬಿರಡೆ ಬೀದಿಗಿಳಿದ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರ ಅಂಗಳಕ್ಕೆ ಕಾಲಿಟ್ಟನೋ ಇಲ್ಲವೋ, ಯಂತ್ರ 'ಕುಂಯ್' ಎಂದಿತು. ಅಗೆದ. ಸಿಕ್ಕಿದ್ದು ನಾಲ್ಕು ಎರೆಹುಳು.

"ಅಯ್ಯೋ, ನನ್ನ ಗುಲಾಬಿ ಗಿಡಗಳೆಲ್ಲಾ ಹೋದ್ವಲ್ಲೋ!" ಎಂದು ಹೆಡ್‌ಮಾಸ್ತರು ಬಾಯಿ ಬಾಯಿ ಬಡಿದುಕೊಂಡರು.

ಎದುರು ಮನೆಯ ದರ್ಜಿಯಮ್ಮನ ಹಿತ್ತಿಲಲ್ಲೂ ಕುಂಯ್. ಅಲ್ಲಿ ನೀರಿನ ಪೈಪೇ ಒಡೆಯಿತು.

"ಅದು ಎಲ್ಲಿ ಕುಂಯ್ ಅನ್ನಲ್ಲ, ಅದನ್ನ ಹೇಳಪ್ಪಾ ಮೊದ್ಲು!" ಎಂದಳು ಆಕೆ, ಕೈಯಲ್ಲಿ ಕತ್ತರಿ ಹಿಡಿದೇ.

ಐದೂವರೆಗೆ ಬೀದಿಗೆ ಸಿಡುಬು ಎದ್ದಂತಿತ್ತು. ಬಾವಿಯ ಸುಳಿವಿಲ್ಲ. ಕೆಲಸ ಹೋಯಿತೆಂದು ಬಿರಡೆಗೆ ಅಳುವೇ ಬಂತು. ಮನೆ ಬಾಗಿಲಲ್ಲಿ ಕೂತು ಬೂಟು ಬಿಚ್ಚಿದ.

"ಬಾವಿ ಮುಚ್ಚೋಕೆ ಬಂದೋನು ಹತ್ತು ಬಾವಿ ತೋಡಿದ್ಯಲ್ಲೋ!" ಎಂದು ಜಗಳಕ್ಕೆ ಬಂದ ಹೆಡ್‌ಮಾಸ್ತರು ಬೂಟೊಂದನ್ನು ಎತ್ತಿ ನೋಡಿದರು. "ಇದೇನೋ ಇಷ್ಟು ಭಾರ? ಮೂತಿಗೆ ಕಬ್ಬಿಣ ಇಟ್ಟಿದಾರಲ್ಲೋ!"

ಬಿರಡೆ ಹಣೆ ಹಣೆ ಚಚ್ಚಿಕೊಂಡ. ದಿನವಿಡೀ ಯಂತ್ರ ಕೂಗಿದ್ದು ಅವನ ಕಾಲ್ಬೆರಳಿಗೆ!

"ಕಾಲಿಗೇನೂ ಆಗ್ದಿರ್ಲಿ ಅಂತ ಗಟ್ಟಿ ಬೂಟು ಕೇಳಿ ತಂದೆ ಕಣ್ರೀ" ಎಂದಳು ಹೆಂಡತಿ. "ಇನ್ನೂ ಇಪ್ಪತ್ತು ನಿಮಿಷ ಇದೆ. ನೀರು ಕುಡಿದು ಬರಿಗಾಲಲ್ಲೇ ಹೋಗಿ."

ಯಂತ್ರ ಹಿಡಿದೇ ಅಡುಗೆಮನೆಗೆ ಹೋದ. ಕುಂಯ್! ಕಾಲು ನೋಡಿಕೊಂಡ. ಬರಿಗಾಲು.

"ಮೊದ್ಲು ಒಲೆ ಆರಿಸೇ!" ಎಂದು ಕಿರುಚಿದ.

ಹೋದ ವಾರವಷ್ಟೇ ಹಾಸಿದ್ದ ಹೊಸ ಟೈಲ್ಸ್. ಗುದ್ದಲಿ ತಂದ ಹೆಡ್‌ಮಾಸ್ತರು, "ಇದನ್ನ ಮಾತ್ರ ನಾನೇ ಅಗೀತೀನಿ" ಎಂದು ಪಂಚೆ ಎತ್ತಿಕಟ್ಟಿದರು. ಎರಡು ಅಡಿ ಕೆಳಗೆ ತುಕ್ಕು ಹಿಡಿದ ಕೊಳವೆಯ ಬಾಯಿ ಕಂಡಿತು.

ಆರಕ್ಕೆ ಸಾಹೇಬರು ಬಂದು ಕೈಕುಲುಕಿದರು. "ಭೇಷ್! ಇವತ್ತಿಂದ ನಿನ್ನ ಕೆಲಸ ಕಾಯಂ. ಮೊದಲನೇ ಕೆಲಸ, ಬಾವಿ ಮೇಲಿರೋ ಈ ಮನೆ ಖಾಲಿ ಮಾಡಿಸಿ ಕೆಡವಿಸೋದು."

ಹೆಂಡತಿಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, "ಇಂಥ ಬಾವಿ ಇನ್ನೆಷ್ಟಿವೆ ಸಾಹೇಬ್ರೇ?" ಎಂದಳು.

"ಊರ ತುಂಬಾ ಇವೆ ಕಣಮ್ಮ. ಇವನು ನಿವೃತ್ತಿ ಆಗೋವರೆಗೂ ಮುಗಿಯಲ್ಲ."

"ಹಾಗಾದ್ರೆ ಇನ್ನೊಂದು ಮನೆ ಕಟ್ಟೋಣ ಬಿಡಿ. ಆದ್ರೆ ಜಾಗ ನೋಡೋಕೆ ಮೊದ್ಲು ಈ ಯಂತ್ರ ಹೋಗ್ಲಿ."

ಹೆಡ್‌ಮಾಸ್ತರು ಗುದ್ದಲಿಯನ್ನು ಬಿರಡೆಯ ಕೈಗಿತ್ತರು. "ಅಲ್ಲೀವರೆಗೂ ನಮ್ಮ ಮಹಡಿ ಕೋಣೇಲಿರಿ. ಬಾಡಿಗೆ ಬೇಡ. ನನ್ನ ಗುಲಾಬಿ ನೆಟ್ಟುಕೊಡು, ಸಾಕು."

ಕೆಲಸ ಕಾಯಂ ಆದ ಆ ಸಂಜೆ ಬಿರಡೆ ಬರಿಗಾಲಲ್ಲಿ ನಿಂತು, ತಾನೇ ತೋಡಿದ ಹೊಂಡಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ.