ಔರಾದ ಬಸ್ಸಿನ ರಿಜರ್ವ್ ಸೀಟು

೨೦೨೫ನೇ ಇಸವಿಯ ಫೆಬ್ರವರಿ ಹತ್ತು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬೀದರ ಬಸ್‌ನಿಲ್ದಾಣದಲ್ಲಿ ಚಿದ್ರಿಯ ಮಡೆಪ್ಪನವರಿಗೆ ಘೋರ ಅನ್ಯಾಯವಾಯಿತು. ಭಾಲ್ಕಿ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿದವರು ಅವರೇ. ಆದರೂ ಕೂರಲು ಹೋದ ಸೀಟಿನ ಮೇಲೆ ಅಂಗೈಯಗಲದ ಒಂದು ದಸ್ತಿ ಆರಾಮಾಗಿ ಮಲಗಿತ್ತು. ಅದಕ್ಕೆ ಮೂಗು ಒರೆಸಿದ ಗುರುತೂ ಇತ್ತು!

"ಅದು ರಿಜರ್ವ್ ಐತ್ರಿ ಅಜ್ಜಾರ," ಎಂದಿತು ಕಿಟಕಿಯಾಚೆಯಿಂದ ಒಂದು ದನಿ.

"ಯಾರ ಆದೇಶದ ಮ್ಯಾಲ? ನಂಬರ ಎಲ್ಲಿ? ಸಹಿ ಎಲ್ಲಿ?"

"ದಸ್ತಿ ಕಾಣಲ್ಲೇನ್ರಿ?"

ಮೂವತ್ತೊಂದು ವರ್ಷ ನಾಲ್ಕು ತಿಂಗಳು ಸರ್ಕಾರಿ ಕಡತಗಳನ್ನು ಕಾಯ್ದು ನಿವೃತ್ತರಾದ ಮಡೆಪ್ಪನವರು ಮೂಗೊರೆಸುವ ಬಟ್ಟೆಗೆ ಸೋಲುವುದುಂಟೆ? ಪ್ರತಿಭಟನಾರ್ಥವಾಗಿ ಕೆಳಗಿಳಿದರು. ಹೆಂಡತಿ ಸುಂದರಬಾಯಿಯನ್ನೂ ಇಳಿಸಿದರು. ಬಸ್ಸು ಪ್ರತಿಭಟನೆಯನ್ನು ಗಮನಿಸದೆ ಹೊರಟುಹೋಯಿತು.

ಸುಂದರಬಾಯಿಯ ಚಿಂತೆ ಬೇರೆ ಇತ್ತು. ಮಡೆಪ್ಪನವರ ತಮ್ಮನ ಮಗ ಓಂಪ್ರಕಾಶನ ನಿಶ್ಚಿತಾರ್ಥ ಅಂದೇ ಮಧ್ಯಾಹ್ನ ಒಂದು ಗಂಟೆಗೆ ಭಾಲ್ಕಿಯಲ್ಲಿ. ಕನ್ಯೆ ಸಪ್ನಾ ಉಟ್ಟು ಕೂಡಬೇಕಾದ ಸೀರೆ ಇದ್ದದ್ದು ಮಡೆಪ್ಪನವರ ಕೈಚೀಲದಲ್ಲಿ. ಬೀಗರ ಮುಂದೆ ಮನೆತನದ ಮಾನ ಎಂದರೆ ಆ ಸೀರೆಯೇ. ಉಳಿದ ನೆಂಟರು ಎಂಟಕ್ಕೇ ಕ್ರೂಸರ್ ಗಾಡಿಯಲ್ಲಿ ಹೋಗಿದ್ದರು. ಮಡೆಪ್ಪನವರು ಮಾತ್ರ ಚೀಲವನ್ನು ಅದರಲ್ಲಿ ಇಡಲು ಒಪ್ಪಿರಲಿಲ್ಲ. "ಹದಿನಾಲ್ಕು ಮಂದಿ, ಅಂದ್ರ ಇಪ್ಪತ್ತೆಂಟು ಕೈ! ಯಾವ ಕೈ ಎಲ್ಲಿ ಹೋಗ್ತದೋ ಯಾರಿಗೆ ಗೊತ್ತು?"

ರಿಜರ್ವ್ ಎಂಬ ಇಂಗ್ಲಿಷ್ ಶಬ್ದಕ್ಕೆ ಬೀದರಿನಲ್ಲಿ ಈ ದುರ್ಗತಿ ಬಂದದ್ದು ಯಾವ ವರ್ಷದಿಂದ ಎಂಬುದಕ್ಕೆ ದಾಖಲೆಯಿಲ್ಲ. ಮದುವೆಯ ಊಟದಲ್ಲಿ ಕುರ್ಚಿಯ ಮೇಲೆ ಟೊಪ್ಪಿಗೆ ಇಟ್ಟರೆ ರಿಜರ್ವ್. ನಳದ ಕೆಳಗೆ ಖಾಲಿ ಕೊಡ ಇಟ್ಟರೆ ರಿಜರ್ವ್. ದವಾಖಾನೆಯ ಸಾಲಿನಲ್ಲಿ ಚಪ್ಪಲಿ ಬಿಟ್ಟು ಹೋದರೆ, ರೋಗಿ ಮನೆಯಲ್ಲಿ ಮಲಗಿದ್ದರೂ ಚಪ್ಪಲಿಗೆ ಪಾಳಿ ಬರುತ್ತದೆ! ಮಡೆಪ್ಪನವರ ಮನೆಯೆದುರಿನ ಬೇವಿನ ನೆರಳಿನಲ್ಲಿ ಪಕ್ಕದ ಮನೆಯವನು ಎರಡು ಇಟ್ಟಂಗಿ ಇಟ್ಟಿದ್ದಾನೆ. ಸ್ಕೂಟರಿಗೆ ರಿಜರ್ವ್ ಅಂತೆ. ಸ್ಕೂಟರನ್ನು ಅವನು ಇನ್ನೂ ಕೊಂಡಿಲ್ಲ.

"ರಿಜರ್ವ್ ಅಂದ್ರೇನು ಅಂತ ಇವತ್ತು ಈ ಊರಿಗೆ ತೋರಸ್ತೇನಿ!" ಎಂದು ಘೋಷಿಸಿ ಮಡೆಪ್ಪನವರು ಜೇಬಿನಿಂದ ಕಾಗದ ತೆಗೆದರು. ದುಂಡಗಿನ ಅಕ್ಷರಗಳಲ್ಲಿ ಬರೆದರು: 'ಈ ಎರಡು ಆಸನಗಳನ್ನು ಶ್ರೀ ಮಡೆಪ್ಪ, ನಿವೃತ್ತ ರೆಕಾರ್ಡ್ ಕೀಪರ್, ಚಿದ್ರಿ, ಬೀದರ, ಹಾಗೂ ಅವರ ಧರ್ಮಪತ್ನಿಗಾಗಿ ಕಾಯ್ದಿರಿಸಲಾಗಿದೆ. ಅನ್ಯರು ಕೂಡತಕ್ಕದ್ದಲ್ಲ.' ಕೆಳಗೆ ಮೊಬೈಲ್ ನಂಬರು, ದಿನಾಂಕ, ಸಹಿ. ಹೆಂಡತಿಯ ಸೆರಗಿನ ಪಿನ್ನು ಕಿತ್ತು ಕಾಗದವನ್ನು ಸೀರೆಯ ಚೀಲಕ್ಕೇ ಚುಚ್ಚಿದರು.

"ರೀ, ಟವೆಲ್ ಒಗದ್ರ ಸಾಕಲ್ರಿ? ಸೀರಿ ಚೀಲ ಯಾಕ?"

"ಟವೆಲಿಗೆ ಹೆಸರಿಲ್ಲ, ವಿಳಾಸಿಲ್ಲ. ನಾಳಿ ಯಾರರೆ ಅದು ನಂದು ಅಂದ್ರ? ಇದಕ್ಕ ಸಹಿ ಐತಿ. ಸಹಿಗೆ ಎಲ್ಲಾರೂ ಅಂಜತಾರ."

ಅಷ್ಟರಲ್ಲಿ ಬಸ್ಸೊಂದು ಬಂತು. ಜನ ನುಗ್ಗಿದರು. ಮಡೆಪ್ಪನವರು ಕಿಟಕಿಯಿಂದ ಕೈ ತೂರಿಸಿ ಚೀಲವನ್ನು ಸೀಟಿನ ಮೇಲೆ ಪ್ರತಿಷ್ಠಾಪಿಸಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಕಾಗದ ನೋಡಿ ನಕ್ಕಳು. ಆ ನಗೆ ಅವರಿಗೆ ಹಿಡಿಸಲಿಲ್ಲ. ಆದರೂ ದಂಪತಿ ಚಹಾದ ಅಂಗಡಿಗೆ ನಡೆದರು.

"ರೀ, ಹತ್ತೂಣ ನಡೀರಿ."

"ರಿಜರ್ವ್ ಆದ ಮ್ಯಾಗ ಗಡಬಡಿ ಮಾಡೋರು ಅಡ್ನಾಡಿ ಮಂದಿ. ಚಹಾ ಕುಡಿ."

ಎರಡನೇ ಗುಟುಕಿಗೆ ಬಸ್ಸು ಹೊರಟಿತು. ಮಡೆಪ್ಪನವರು ಕಪ್ಪು ಹಿಡಿದೇ ಓಡಿದರು. ಬಸ್ಸಿನ ಬೆನ್ನ ಮೇಲಿನ ಬೋರ್ಡಿನಲ್ಲಿ ಸ್ವಚ್ಛವಾಗಿ 'ಔರಾದ' ಎಂದಿತ್ತು! ಭಾಲ್ಕಿ ಬಸ್ಸು ಪಕ್ಕದಲ್ಲೇ ನಿಂತಿತ್ತು.

"ಮೂವತ್ತೊಂದು ವರ್ಷ ಊರ ಮಂದಿ ಕಾಗದ ಓದಿದ್ರಿ, ಒಂದು ಬೋರ್ಡ್ ಓದಲಿಲ್ಲ!" ಸುಂದರಬಾಯಿಯ ಕಣ್ಣಲ್ಲಿ ನೀರು. "ಬೀಗರಿಗೆ ಏನ್ ಮಾರಿ ತೋರಸೋಣ್ರಿ?"

"ಆ ಹೆಂಗಸು! ನಕ್ಕಾಗಲೇ ನನಗ ಸಂಶಯ ಬಂದಿತ್ತು," ಎಂದರು ಮಡೆಪ್ಪನವರು. ಆಗಲೇ ಮೊಬೈಲ್ ಕೂಗಿತು. ಹೆಸರಿಲ್ಲದ ನಂಬರು. ಓಟಿಪಿ ಕೇಳುವ ಮೋಸಗಾರರೇ ಇರಬೇಕು! ಕತ್ತರಿಸಿದರು. ಮತ್ತೆ ಕೂಗಿತು, ಮತ್ತೆ ಕತ್ತರಿಸಿದರು. ಮೂರನೆಯ ಸಲ ಎತ್ತಿದರು.

"ಅಜ್ಜಾರ, ನಿಮ್ಮ ಚೀಲ—"

"ಚೀಲ ಇಟಗೊಂಡು ನನ್ನ ಬೆದರಸ್ತೀಯೇನು? ಪೊಲೀಸರಿಗೆ ಹೇಳ್ತೇನಿ!" ಎಂದು ಗರ್ಜಿಸಿ ಇಟ್ಟುಬಿಟ್ಟರು. "ನೋಡಿದಿ ಸುಂದರಬಾಯಿ? ನನ್ನ ನಂಬರ ಆಕಿಗೆ ಹ್ಯಾಂಗ ಸಿಕ್ತು? ಇದು ದೊಡ್ಡ ಗ್ಯಾಂಗು!"

"ನೀವೇ ಬರದು ಚುಚ್ಚೀರಲ್ರಿ!"

ನಾಲ್ಕನೆಯ ಸಲ ಮೊಬೈಲನ್ನು ಸುಂದರಬಾಯಿ ಕಸಿದುಕೊಂಡರು.

"ಅಮ್ಮಾ, ನಾ ಅಕ್ತರಬೀ, ನಿಮ್ಮ ಚೀಲದ ಬಾಜೂಕ ಕೂತಾಕಿ. ನಿಮ್ಮವರು ಭಾಳ ಗರಂ ಆದಾರ. ಬಸ್ ತುಂಬಿ ಹೋಗ್ಯದ, ನಿಮ್ಮ ಎರಡೂ ಸೀಟ ಹಿಡಕೊಂಡು ಕೂತೀನಿ. ಒಬ್ಬರಿಗೂ ಕೂಡಗೊಟ್ಟಿಲ್ಲ. ಎಲ್ಲಿ ಹತ್ತತೀರಿ?"

ಸುಂದರಬಾಯಿ ಸಂಗತಿ ತಿಳಿಸಿ ಕೈಮುಗಿದು ಬೇಡಿಕೊಂಡರು. ಔರಾದಿನಲ್ಲಿ ಚೀಲ ಹಿಡಿದು ಕಾಯುವುದಾಗಿ ಅಕ್ತರಬೀ ಮಾತು ಕೊಟ್ಟಳು. ಸುಂದರಬಾಯಿಯ ಫೋನು ಹೋದದ್ದೇ ಓಂಪ್ರಕಾಶನ ಗೆಳೆಯ ರತ್ನದೀಪ ಭಾಲ್ಕಿಯಿಂದ ಔರಾದಿಗೆ ಮೋಟರ್‌ಸೈಕಲ್ ಓಡಿಸಿದ. ಮಡೆಪ್ಪ ದಂಪತಿ ಭಾಲ್ಕಿ ಬಸ್ಸು ಹತ್ತಿದರು. ಎಲ್ಲ ಸೀಟಿನ ಮೇಲೂ ದಸ್ತಿ! ನಡುದಾರಿಯ ಹಲಬರ್ಗಾದತನಕ ನಿಂತೇ ಹೋದರು. ಮಡೆಪ್ಪನವರು ಒಂದು ದಸ್ತಿಯನ್ನೂ ಪ್ರಶ್ನಿಸಲಿಲ್ಲ. ಆದರೆ ಬಾಯಿ ಸುಮ್ಮನಿರಲಿಲ್ಲ: "ಆಕಿ ಸೀರಿ ಬದಲಿ ಮಾಡಿ ಕೊಡ್ತಾಳ, ನೋಡಕೋತ ಇರು."

ಒಂದಕ್ಕೆ ಹತ್ತು ನಿಮಿಷವಿದ್ದಾಗ ರತ್ನದೀಪ ಧೂಳು ಮೆತ್ತಿದ ಮುಖದಲ್ಲಿ ಭಾಲ್ಕಿಯ ನಿಶ್ಚಿತಾರ್ಥದ ಮನೆಗೆ ಬಂದ. ಮಡೆಪ್ಪನವರು ಸೀರೆಯನ್ನು ಬೆಳಕಿಗೆ ಹಿಡಿದು, ಅಂಚು ತಿರುವಿ, ಸೆರಗು ಅಳೆದು ನೋಡಿದರು. ಅದೇ ಸೀರೆ; ಮಡಿಕೆಯೂ ಕೆಟ್ಟಿರಲಿಲ್ಲ. ಸಪ್ನಾ ಉಡಲು ಒಳಗೆ ಹೋದಳು. ಸುಂದರಬಾಯಿ ಅಂದು ಮೊದಲ ಸಲ ಉಸಿರು ಬಿಟ್ಟರು.

"ಕಾಕಾ, ನಿಮ್ಮ ಕಾಗದದ ಹಿಂದ ಬಸ್ಸಿನ ಮಂದಿ ಏನೋ ಬರದಾರ," ಎಂದ ರತ್ನದೀಪ. "ಎಲ್ಲಾರ ಮುಂದ ಓದಬೇಕಂತ ಅಕ್ತರಬೀ ಹೇಳ್ಯಾಳ."

ಮಡೆಪ್ಪನವರು ಕೈ ಚಾಚುವ ಮೊದಲೇ ಓಂಪ್ರಕಾಶ ಅದನ್ನು ಕಸಿದುಕೊಂಡಿದ್ದ. ಒಂಬತ್ತು ಸಹಿ, ಎರಡು ಹೆಬ್ಬೆಟ್ಟು, ದಿನಾಂಕ. ಕಾಗದ ಎಲ್ಲ ರೀತಿಯಿಂದಲೂ ಕ್ರಮಬದ್ಧವಾಗಿತ್ತು. ಬೀಗರೆಲ್ಲ ಕಿವಿಗೊಟ್ಟರು. ಮದುಮಗ ಗಂಟಲು ಸರಿಪಡಿಸಿಕೊಂಡು ಓದಿದ:

"ಶ್ರೀ ಮಡೆಪ್ಪ, ನಿವೃತ್ತ ರೆಕಾರ್ಡ್ ಕೀಪರ್, ಚಿದ್ರಿ, ಇವರಿಗೆ. ತಮ್ಮ ಸಹಿಗೆ ಮರ್ಯಾದೆ ಕೊಟ್ಟು, ಎರಡು ಸೀಟು ಖಾಲಿ ಇದ್ದರೂ, ನಾವು ಹನ್ನೊಂದು ಮಂದಿ ಬೀದರಿನಿಂದ ಔರಾದಿನತನಕ ನಿಂತು ಬಂದಿದ್ದೇವೆ. ತಾವು ಬರಲೇ ಇಲ್ಲ. ಆದ್ದರಿಂದ ಬರುವ ಸೋಮವಾರ ತಾವು ಖುದ್ದಾಗಿ ಔರಾದಿಗೆ ಬಂದು, ನಮ್ಮೆಲ್ಲರನ್ನೂ ಕೂಡಿಸಿ ಚಹಾ ಕುಡಿಸತಕ್ಕದ್ದು. ನಾವು ಕುಡಿದು ಏಳುವತನಕ ತಾವು ನಿಂತಿರತಕ್ಕದ್ದು!"