ಓಡ್ಲೈವ್ ತಿದ್ದಿದ ದೇಶದ ನಕ್ಷೆ

ಸರ್ಕಾರ ಇಡೀ ನಾರ್ವೆಯ ನಕ್ಷೆಯನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ತೆರೆದಿಟ್ಟದ್ದು ಪ್ರಜೆಗಳ ಉದ್ಧಾರಕ್ಕಂತೆ. ಆ ಪ್ರಜೆಗಳಲ್ಲಿ ಓಡ್ಲೈವನೂ ಒಬ್ಬ ಎಂಬುದು, ಪಾಪ, ಅವರಿಗೆ ಹೊಳೆದಿರಲಿಲ್ಲ.

ನಿವೃತ್ತನಾದ ಮೇಲೆ ಅಡುಗೆಮನೆಯ ಮೇಜೇ ಅವನ ಸಿಂಹಾಸನ. ಅಲ್ಲಿ ಕಂಪ್ಯೂಟರ್ ತೆರೆದು ಕೂತು ದೇಶದ ತಪ್ಪು ಹುಡುಕುತ್ತಿದ್ದ. (ಬೆನ್ನ ಹಿಂದೆ ಸೋರುವ ನಲ್ಲಿ ದೇಶದ ವ್ಯಾಪ್ತಿಗೆ ಬರುತ್ತಿರಲಿಲ್ಲ.)

"ನೋಡೇ ಗುನ್ವೋರ್, ನಮ್ಮ ಹಿತ್ತಲಿಂದ ಹೋಗೋ ಕಾಲುದಾರೀನೇ ನಕ್ಷೇಲಿಲ್ಲ! ತಪ್ಪಿದ್ರೆ ತಿಳಿಸಿ ಅಂತ ಅವರೇ ಕೇಳ್ಕೊಂಡಿದಾರೆ."

"ದೇಶ ಹೇಗೋ ನಡ್ಕೊಂಡು ಹೋಗತ್ತೆ. ನೀವು ನಲ್ಲಿ ರಿಪೇರಿ ಮಾಡ್ರೀ," ಎಂದಳು ಹೆಂಡತಿ, ತಿರುಗಿಯೂ ನೋಡದೆ.

ತಿರುಗಿ ನೋಡಬೇಕಿತ್ತು. ಓಡ್ಲೈವ್ ಎಳೆದು ಕಳಿಸಿದ ಗೆರೆ ಹಿತ್ತಲಿಂದ ಹೊರಟು, ಕಾಡು ದಾಟಿ, ಜೌಗುನೆಲದ ನಟ್ಟನಡುವೆ ನಿಂತಿತು. ಅದು ಮುಲ್ತೆ ಹಣ್ಣಿನ ಜೌಗು. ಬಂಗಾರದ ಬಣ್ಣದ, ಬಂಗಾರದಷ್ಟೇ ಅಪರೂಪದ ಆ ಕಾಡುಹಣ್ಣಿನ ಜಾಗವನ್ನು ಗುನ್ವೋರಳ ಅಜ್ಜಿ ಸಾಯುವ ಮುಂಚೆ ಅವಳೊಬ್ಬಳ ಕಿವಿಯಲ್ಲಿ ಉಸುರಿದ್ದಳು. ಒಡಹುಟ್ಟಿದ ತಂಗಿ ಸಿನ್ನೊವೆಗೂ ಗುನ್ವೋರ್ ಬಾಯಿ ಬಿಟ್ಟಿರಲಿಲ್ಲ. ಗಂಡನಿಗೆ ತೋರಿಸಿದ್ದು ಕೂಡ ಬಕೆಟ್ ಹೊರಲು ಆಳು ಬೇಕಿತ್ತೆಂದು.

ಆಗಸ್ಟ್‌ನಲ್ಲಿ ಹಣ್ಣು ಮಾಗಿತು. ದಂಪತಿಗಳು ಬಕೆಟ್ ಹಿಡಿದು ಹೋದರೆ ಜೌಗಿನ ತುಂಬ ಊರಿಗೆ ಊರೇ ಬಗ್ಗಿ ನಿಂತಿತ್ತು. ಮೊದಲು ಸೊಂಟ ನೆಟ್ಟಗೆ ಮಾಡಿದವಳು ಸಿನ್ನೊವೆ.

"ಬಾರಕ್ಕಾ! ಪ್ರತಿ ಕ್ರಿಸ್ಮಸ್ಸಿಗೂ ಒಂದೇ ಒಂದು ಚಮಚ ಬಡಿಸಿ, 'ಪೇಟೆ ಹಣ್ಣು ಕಣೇ, ದುಬಾರಿ' ಅಂತಿದ್ಯಲ್ಲ, ಆ ಪೇಟೆ ಇದೇನಾ?"

ಗುನ್ವೋರಳ ಮುಖ ಕೆಂಡವಾಯಿತು. "ನಿಂಗ್ಯಾರೇ ಹೇಳಿದ್ದು?"

"ಯಾರು ಯಾಕೆ ಹೇಳ್ಬೇಕು? ಸರ್ಕಾರದ ನಕ್ಷೇಲಿ ನಿಮ್ಮ ಹಿತ್ತಲಿಂದಾನೇ ಚುಕ್ಕೆ ಗೆರೆ ಇದೆ. ಯಾರೋ ಪುಣ್ಯಾತ್ಮ ತಿಳಿಸಿದ್ದಂತೆ."

ಪುಣ್ಯಾತ್ಮ ತನ್ನ ಬೂಟು ನೋಡಿಕೊಂಡ.

ಗುನ್ವೋರ್ ಖಾಲಿ ಬಕೆಟ್ ಹಿಡಿದು ನೆಟ್ಟಗೆ ಮನೆಗೆ ಬಂದಳು. ಬಂದವಳು ಒಂದೇ ಮಾತು ಹೇಳಿದಳು: "ಅಳಿಸಿ."

ಓಡ್ಲೈವ್ ನಕ್ಷೆ ಕಚೇರಿಗೆ ಫೋನ್ ಮಾಡಿದ. ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದು ಅವನ ಎರಡನೆಯ ದೇಶಸೇವೆ.

"ಅಳಿಸೋಕಾಗಲ್ಲ ಸರ್," ಎಂದಳು ಜೇನಿನಂಥ ದನಿಯ ಹೆಂಗಸು. "ದಾರಿ ಭರ್ಜರಿಯಾಗಿ ಬಳಕೆಯಲ್ಲಿದೆ ಅಂತ ಎಷ್ಟೊಂದು ಜನ ತಿಳಿಸಿದಾರೆ. ಈಗಷ್ಟೇ ಚುಕ್ಕೆ ಗೆರೆ ತೆಗೆದು ದಪ್ಪ ಗೆರೆ ಹಾಕಿದ್ವಿ. ಸಿನ್ನೊವೆ ಅನ್ನೋರಂತೂ ಅದಕ್ಕೆ 'ಭಾವನ ಹಾದಿ' ಅಂತ ಹೆಸರಿಡಿ ಅಂತಿದಾರೆ. ನಿಮ್ಮದೇನಾದ್ರೂ ಅಭ್ಯಂತರ ಇದೆಯಾ?"